ಬಂದ ಪ್ರತಿ ಇನ್ಸ್‌ಪೆಕ್ಟರ್ ಹೊಸ ತಪ್ಪು ಹೇಳ್ತಾರೆ. ಎಲ್ಲವನ್ನೂ ಒಂದೇ ಸಲ ಬರೆಸಿಕೊಳ್ಳೋದು ಹೇಗೆ?

ಆಖೈರು_ಶಿಲ್ಕು ಬರೆದದ್ದು:

ಮೊದಲೇ ಹೇಳಿಬಿಡುತ್ತೇನೆ, ನಾನು ಆಡಿಟ್ ಕೆಲಸದವಳು. ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕಿದರೇ ನನಗೆ ಸಂಬಳ. ಹಾಗಾಗಿ ತಪಾಸಣೆ ಅಂದ ಕೂಡಲೇ ಸಿಡಿಮಿಡಿಗೊಳ್ಳುವ ಪೈಕಿ ಅಲ್ಲ. ಆದರೆ ನಗರದ ಕಟ್ಟಡ ತಪಾಸಣೆಯವರ ಜೊತೆ ಈಗ ನಡೆಯುತ್ತಿರುವುದು ನನ್ನ ತಾಳ್ಮೆಗೂ ಮೀರಿದ್ದು.

ಮನೆ ಹಳೆಯದು, ಎರಡು ಅಂತಸ್ತು. ಮೇಲೆ ನಾವು, ಕೆಳಗೆ ಬಾಡಿಗೆಯವರು. ನಾವು ಕೊಂಡಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇದೆ. ಬಾಡಿಗೆ ಮನೆಗಳ ಮಾಮೂಲಿ ತಪಾಸಣೆ ಅಂತ ಕಾಗದ ಬಂತು. ಬನ್ನಿ ಅಂದೆವು.

ಮೊದಲು ಬಂದವರು ಹೊರಗಿನ ಮೆಟ್ಟಿಲ ಹತ್ತಿರವೇ ನಿಂತರು. ಟೇಪು ತೆಗೆದು ರೇಲಿಂಗಿಗೆ ಅಡ್ಡಲಾಗಿ, ಓರೆಯಾಗಿ ಹಿಡಿದು ಅಳೆದರು. 70 ಸೆಂ.ಮೀ. ಬಂತು. "ತುಂಬಾ ತಗ್ಗು, 88 ಆದರೂ ಬೇಕು, ಎತ್ತರಿಸಿ" ಅಂದರು. ನೋಟಿಸು ಬಂತು. ವೆಲ್ಡಿಂಗ್‌ನವರನ್ನು ಕರೆಸಿ 22 ಸೆಂ.ಮೀ. ಎತ್ತರಿಸಿದೆವು. ಅವರ ಹಾಗೆಯೇ ಟೇಪು ಓರೆಯಾಗಿ ಹಿಡಿದರೆ ಸರಿಯಾಗಿ 88.

ಮರುತಪಾಸಣೆಗೆ ಬಂದದ್ದು ಬೇರೆಯವರು. ಇವರು ಟೇಪನ್ನು ಮೆಟ್ಟಿಲಿನ ಅಂಚಿನಿಂದ ನೆಟ್ಟಗೆ ಮೇಲಕ್ಕೆ ಹಿಡಿದರು. 110! "ಇದೇನು ಇಷ್ಟು ಎತ್ತರ ಮಾಡಿದ್ದೀರಿ? ವಯಸ್ಸಾದವರಿಗೆ, ಮಕ್ಕಳಿಗೆ ಕೈಗೇ ಸಿಗುವುದಿಲ್ಲ" ಅಂದರು. ನಿಮ್ಮವರೇ ಹೇಳಿದ್ದು ಸ್ವಾಮಿ ಅಂದೆ. "ಅವರು ಹೇಳಿದ್ದು ನನಗೆ ಗೊತ್ತಿಲ್ಲ, ನಾನು ನೋಡಿದ್ದು ನಾನು ಬರೆಯುತ್ತೇನೆ." ಬರೆದದ್ದು ಅದೊಂದನ್ನೇ ಅಲ್ಲ. ರೇಲಿಂಗಿನ ಕಂಬಿಗಳ ನಡುವಿನ ಸಂದು 10 ಸೆಂ.ಮೀ.ಗಿಂತ ಜಾಸ್ತಿ ಇದೆಯಂತೆ. ಆ ಕಂಬಿಗಳು ಮೊದಲನೆಯವರು ಬಂದಾಗಲೂ ಅಲ್ಲೇ ಇದ್ದವು. ಅವರು ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ.

ಈಗ ಮೂರನೆಯವರು. ಇವರು ಮೆಟ್ಟಿಲನ್ನು ನೋಡಲೇ ಇಲ್ಲ. ನೇರ ಕೆಳಮನೆಯ ಹಿಂದಿನ ಕೋಣೆಗೆ ಹೋದರು. ಇಲಾಖೆಯ ಫೈಲಿನಲ್ಲಿ ಅದು ಸ್ಟೋರ್ ರೂಮ್ ಅಂತ ಇದೆ, ಮಲಗುವ ಕೋಣೆ ಅಲ್ಲ, ಕಿಟಕಿ ಚಿಕ್ಕದು ಅಂದರು. ಜೊತೆಗೆ, ನಮಗಿಂತ ಮುಂಚಿನ ಮಾಲೀಕರು ಆ ಕೋಣೆಗೆ ಪರವಾನಗಿ ತಗೊಂಡು ಕೆಲಸ ಮಾಡಿಸಿದ್ದಾರೆ, ಆದರೆ ಕೊನೆಯ ತಪಾಸಣೆಗೆ ಕರೆದೇ ಇಲ್ಲವಂತೆ. ಆ ಪರವಾನಗಿ ಇನ್ನೂ ತೆರೆದೇ ಇದೆಯಂತೆ. ಅದನ್ನು ಮುಚ್ಚಿಸುವ ಹೊಣೆ ನಮ್ಮದಂತೆ.

ಈಗ ಬಂದ ನೋಟಿಸಿನಲ್ಲಿ ಇರುವುದು ಇಷ್ಟೇ: "ಮೆಟ್ಟಿಲು ಹಾಗೂ ಹಿಂದಿನ ಕೋಣೆ ನಿಯಮಗಳಿಗೆ ಅನುಗುಣವಾಗಿಲ್ಲ. ಸರಿಪಡಿಸತಕ್ಕದ್ದು." ಯಾವ ನಿಯಮ? ಎಷ್ಟು ಅಳತೆ ಇದೆ, ಎಷ್ಟು ಇರಬೇಕು? ಒಂದೂ ಇಲ್ಲ. ಇಂಥ ಆಕ್ಷೇಪಣೆಯನ್ನು ನಾನು ನನ್ನ ಆಡಿಟ್ ವರದಿಯಲ್ಲಿ ಬರೆದಿದ್ದರೆ ಮೇಲಿನವರು ಮುಖಕ್ಕೆ ಎಸೆಯುತ್ತಿದ್ದರು. ನಮ್ಮಲ್ಲಿ ಆಕ್ಷೇಪಗಳೆಲ್ಲ ಒಂದೇ ಪಟ್ಟಿಯಲ್ಲಿ, ನಿಯಮದ ಸಂಖ್ಯೆ ಸಮೇತ ಹೋಗಬೇಕು. ಉತ್ತರ ಬಂದ ಮೇಲೆ ಆ ಪಟ್ಟಿಯನ್ನೇ ಪರಿಶೀಲಿಸಬೇಕು. ಇಲ್ಲಿ ಹಾಗಲ್ಲ. ಒಂದು ಸರಿ ಮಾಡಿದರೆ ಇನ್ನೊಂದು. ಪ್ರತಿ ಸಲವೂ ಮರುತಪಾಸಣೆ ಶುಲ್ಕ. ಅವರು ಬರುವ ದಿನ ಬೆಳಗಿನಿಂದ ಸಂಜೆಯೊಳಗೆ ಯಾವಾಗ ಬೇಕಾದರೂ ಬರಬಹುದು, ಅಂದರೆ ನನಗೆ ಒಂದು ರಜೆ ಖೋತಾ.

ನಿಯಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಏನೇನು ಮಾಡಬೇಕೋ ಎಲ್ಲವನ್ನೂ ಒಂದೇ ಸಲ ಬರೆದು ಕೊಡಿ ಅನ್ನುತ್ತಿದ್ದೇನೆ. ಹಾಗೆ ಕೇಳುವ ದಾರಿ ಇದೆಯಾ? ಯಾರಾದರೂ ಕೇಳಿ ಪಡೆದುಕೊಂಡಿದ್ದೀರಾ? ಹಳೇ ಮಾಲೀಕರ ಪರವಾನಗಿ ನನ್ನ ತಲೆಗೆ ಹೇಗೆ ಬರುತ್ತದೆ ಅನ್ನುವುದನ್ನೂ ತಿಳಿದವರು ಹೇಳಿ.

---

ಸುಮ್ನೆ_ಬಂದೆ:

ಇಷ್ಟೆಲ್ಲ ಬರೆಯುವ ಬದಲು ಕೈ ಬಿಸಿ ಮಾಡಿದ್ದರೆ ಮೊದಲನೇ ದಿನವೇ ಮುಗಿಯುತ್ತಿತ್ತು. ನಾಲ್ಕನೆಯವರು ಬರುವ ಮುಂಚೆ ಯೋಚನೆ ಮಾಡಿ.

---

ಆಖೈರು_ಶಿಲ್ಕು:

ಯಾರೂ ಕೇಳಿಲ್ಲ, ಅದನ್ನು ನ್ಯಾಯವಾಗಿ ಹೇಳಬೇಕು. ಕೇಳಿದರೂ ಕೊಡುವುದಿಲ್ಲ. ನೀತಿ ಪಾಠ ಬಿಡಿ, ಲೆಕ್ಕವನ್ನೇ ನೋಡಿ. ದುಡ್ಡು ತಗೊಂಡವರು ವರ್ಗವಾಗಿ ಹೋಗುತ್ತಾರೆ. ಫೈಲು ಅಲ್ಲೇ ಇರುತ್ತದೆ. ಫೈಲಿನಲ್ಲಿ "ಮುಕ್ತಾಯ" ಅಂತ ಬೀಳದಿದ್ದರೆ ಮುಂದೆ ಬರುವವರು ಮತ್ತೆ ಅದೇ ಟೇಪು ಹಿಡಿದು ನಿಲ್ಲುತ್ತಾರೆ. ರಸೀದಿ ಇಲ್ಲದ ಖರ್ಚು ನನ್ನ ಮಟ್ಟಿಗೆ ಖರ್ಚೇ ಅಲ್ಲ, ನಷ್ಟ.

---

ಬಾಗಿಲು_ಹಾಕಿದೆ:

ಒಳಗೆ ಬಿಟ್ಟದ್ದೇ ಯಾಕೆ? ಅಮೆರಿಕದಲ್ಲಿ 1967ರಲ್ಲೇ ಇದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಗಿದೆ. ಸ್ಯಾನ್ ಫ್ರಾನ್ಸಿಸ್ಕೋದ ಕಮಾರಾ ಅನ್ನುವವರು ವಾರಂಟ್ ಇಲ್ಲದ ಹೌಸಿಂಗ್ ಇನ್ಸ್‌ಪೆಕ್ಟರನ್ನು ಮನೆಯೊಳಗೆ ಬಿಡಲಿಲ್ಲ. ಅವರ ಮೇಲೆ ಕೇಸು ಹಾಕಿದರು. ಕೋರ್ಟು ಕಮಾರಾ ಪರ ನಿಂತಿತು. ನಿಮ್ಮ ಮನೆ, ನಿಮ್ಮ ಬಾಗಿಲು.

---

ಹಳೇ_ಟೇಪು:

ಮೇಲಿನವರು ಅರ್ಧ ಕತೆ ಹೇಳಿದ್ದಾರೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಇಂಥದ್ದೇ ಮನೆಯಲ್ಲಿ ತಪ್ಪಿದೆ ಅಂತ ತೋರಿಸಬೇಕಾಗಿಲ್ಲ, ಆ ಪ್ರದೇಶದ ಕಟ್ಟಡಗಳು ಹಳೆಯವು, ತಪಾಸಣೆಯಾಗಿ ಬಹಳ ಕಾಲ ಆಗಿದೆ ಅನ್ನುವಂಥ ಕಾರಣಕ್ಕೂ ವಾರಂಟ್ ಕೊಡಬಹುದು ಅಂತ. ಅಂದರೆ ಇವತ್ತು ಬಾಗಿಲು ಹಾಕಿದರೆ ನಾಳೆ ಕಾಗದ ಹಿಡಿದು ಬರುತ್ತಾರೆ, ಅದೂ ಮುಖ ಗಂಟು ಹಾಕಿಕೊಂಡು. ಬೇರೆ ದೇಶದ ತೀರ್ಪು ನಿಮ್ಮ ಊರಿನ ಕಾನೂನೂ ಅಲ್ಲ.

ಮೇಡಂ, ನಾನು ಬಹಳ ವರ್ಷ ಇದೇ ಕೆಲಸ ಮಾಡಿ ಹೊರಗೆ ಬಂದವನು. ನಿಮ್ಮ ಪೋಸ್ಟ್ ಓದಿ ನಗುವೂ ಬಂತು, ನಾಚಿಕೆಯೂ ಆಯಿತು. ರೇಲಿಂಗಿನಿಂದಲೇ ಶುರು ಮಾಡೋಣ.

ರೇಲಿಂಗಿನ ಎತ್ತರವನ್ನು ಅಳೆಯುವುದು ಮೆಟ್ಟಿಲಿನ ಮುಂದಿನ ಅಂಚಿನಿಂದ, ತೂಗುಗುಂಡು ಇಳಿಬಿಟ್ಟ ಹಾಗೆ ನೆಟ್ಟಗೆ. ಓರೆಯಾಗಿ ಹಿಡಿಯುವಂತಿಲ್ಲ. ಒಂದು ನೇರವಾದ ಹಲಗೆಯನ್ನು ಮೆಟ್ಟಿಲುಗಳ ಅಂಚಿಗೆ ತಾಗುವ ಹಾಗೆ ಮಲಗಿಸಿ, ಅದರ ಕೆಳ ಅಂಚಿನಿಂದ ರೇಲಿಂಗಿನ ತುದಿಗೆ ನೆಟ್ಟಗೆ ಅಳೆಯಿರಿ. ಈಗ 110 ಇದ್ದು, ನೀವು ಎತ್ತರಿಸಿದ್ದು 22 ಆದರೆ ಮೊದಲು ಎಷ್ಟಿತ್ತು? 88. ಅವರು ಕೇಳಿದ್ದೂ 88. ನಿಮ್ಮ ರೇಲಿಂಗ್ ಮೊದಲೇ ಸರಿ ಇತ್ತು! ನಿಮ್ಮ ಮೆಟ್ಟಿಲು ಒಂದೊಂದೂ ಸುಮಾರು 19 ಸೆಂ.ಮೀ. ಎತ್ತರ, 25 ಸೆಂ.ಮೀ. ಅಗಲ ಇರಬೇಕು. ಆ ಇಳಿಜಾರಿನಲ್ಲಿ ಟೇಪನ್ನು ಅಡ್ಡ ಹಿಡಿದರೆ ನೆಟ್ಟಗಿನ ಅಳತೆಯ ನೂರಕ್ಕೆ ಸುಮಾರು 80 ಭಾಗವಷ್ಟೇ ಬರುತ್ತದೆ. 88ರಲ್ಲಿ ನೂರಕ್ಕೆ 80 ಅಂದರೆ 70. ಮೊದಲನೆಯವರು ಬಹುಶಃ ಹೊಸಬರು. ಎರಡನೆಯವರು ಅಳೆದದ್ದು ಸರಿ.

ಈಗ ಕಂಬಿ ಸಂದು. ಇದು ಸ್ವಲ್ಪ ನೋವಿನ ವಿಷಯ. ಎಷ್ಟೋ ಕಡೆ ಹಳೇ ಕಟ್ಟಡಕ್ಕೆ ಅದು ಕಟ್ಟಿದ ಕಾಲದ ನಿಯಮವೇ ನಡೆಯುತ್ತದೆ, ಅಪಾಯ ಇಲ್ಲದಿದ್ದರೆ ಹಾಗೇ ಬಿಡುತ್ತಾರೆ. ಆದರೆ ಕೈ ಹಾಕಿದ ಭಾಗ ಹೊಸ ಕೆಲಸದ ಲೆಕ್ಕಕ್ಕೆ ಹೋಗುತ್ತದೆ. ರೇಲಿಂಗ್ ಎತ್ತರಿಸಿದ ಕೂಡಲೇ ನಿಮ್ಮ ಹಳೇ ಕಂಬಿ ಹಳೇ ಕಂಬಿಯಾಗಿ ಉಳಿಯಲಿಲ್ಲ. ಇವತ್ತಿನ ನಿಯಮ ಬಂತು. 10 ಸೆಂ.ಮೀ. ಅನ್ನುವುದು ಸುಮ್ನೆ ಬಂದ ಅಂಕಿ ಅಲ್ಲ. ಆ ಅಗಲದ ಚೆಂಡು ತೂರಬಾರದು ಅಂತ ಬೇಕಾದಷ್ಟು ದೇಶಗಳಲ್ಲಿ ಇದೆ. ಅಂಬೆಗಾಲಿಡುವ ಮಗುವಿನ ಮೈ ತೂರಿ ತಲೆ ಸಿಕ್ಕಿಹಾಕಿಕೊಳ್ಳಬಾರದು ಅಂತ ಅದು.

ಅಂದರೆ ಮೊದಲನೆಯವರ ತಪ್ಪು ಅಳತೆಯೇ ಎರಡನೆಯ ಆಕ್ಷೇಪಕ್ಕೆ ಹೆತ್ತ ತಾಯಿ. ಇದನ್ನು ಹೀಗೇ ಬರೆದು ಮೇಲ್ವಿಚಾರಕರಿಗೆ ಕೊಡಿ. ಕೆಲಸಕ್ಕೆ ಮುಂಚಿನ ಫೋಟೋ ಇದ್ದರೆ, ವೆಲ್ಡಿಂಗ್‌ನವರ ಬಿಲ್ಲಿನಲ್ಲಿ 22 ಸೆಂ.ಮೀ. ಅಂತ ಇದ್ದರೆ, ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಂದವರೆಲ್ಲ ಬೇರೆ ಬೇರೆ ಹೇಳುವುದು ಯಾಕೆ? ಒಳಗಿನಿಂದ ನೋಡಿದವನಾಗಿ ಹೇಳುತ್ತೇನೆ. ಬಾಡಿಗೆ ತಪಾಸಣೆಗೆ ಬಂದವರು ನೋಡುವುದು ಬೇರೆ, ಪರವಾನಗಿ ವಿಭಾಗದಿಂದ ಬಂದವರು ನೋಡುವುದು ಬೇರೆ. ನಿಮ್ಮ ಮೂರನೆಯವರು ಮೆಟ್ಟಿಲು ನೋಡಲಿಲ್ಲ ಅಂದರೆ ಅವರು ಪರವಾನಗಿಯ ಕಡೆಯವರೇ ಇರಬೇಕು, ಗುರುತಿನ ಚೀಟಿಯಲ್ಲಿ ವಿಭಾಗ ನೋಡಿ. ಹಿಂದಿನವರ ಟಿಪ್ಪಣಿ ಎಷ್ಟೋ ಸಲ ಅವರ ನೋಟ್‌ಬುಕ್ಕಿನಲ್ಲೇ ಉಳಿದುಹೋಗುತ್ತದೆ. ಎಲ್ಲಕ್ಕಿಂತ ದೊಡ್ಡದು ಹೆದರಿಕೆ. ನೋಡಿಯೂ ಬರೆಯದೆ ಬಿಟ್ಟು, ನಾಳೆ ಅಲ್ಲಿಂದ ಯಾರಾದರೂ ಬಿದ್ದರೆ "ನೀನು ಹೋಗಿದ್ದೆಯಲ್ಲ" ಅಂತ ಕೇಳುತ್ತಾರೆ. ಬರೆದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಕೈ ಬರೆಯುವ ಕಡೆಗೇ ಹೋಗುತ್ತದೆ.

ನೋಟಿಸಿನ ಜೊತೆ ತಪಾಸಣಾ ವರದಿಯ ಪ್ರತಿಯನ್ನೂ ಕೇಳಿ. ನೋಟಿಸು ಒಂದು ಸಾಲು, ವರದಿಯಲ್ಲಿ ಅಳತೆ ಇರುತ್ತದೆ. ಇರದಿದ್ದರೆ ಅದೇ ನಿಮ್ಮ ದೂರು. ಎರಡೂ ವಿಭಾಗದವರು ಒಟ್ಟಿಗೆ ಬಂದು ನೋಡಲಿ ಅಂತ ಜಂಟಿ ತಪಾಸಣೆ ಕೇಳಿ. ನನ್ನ ಕಾಲದಲ್ಲಿ ಯಾರಾದರೂ ಹಾಗೆ ಬರೆದು ಕೇಳಿದರೆ ಮೇಲಿನವರು ಇಲ್ಲ ಅಂದದ್ದು ಕಡಿಮೆ. ಬಾಯಲ್ಲಿ ಕೇಳಿದವರಿಗೆ ಮಾತ್ರ ಇಲ್ಲ ಅನ್ನುತ್ತಿದ್ದೆವು.

---

ಓರೆಗೆರೆ:

ನಾನು ಮನೆ ನಕ್ಷೆ ಬರೆಯುವವನು. ಕಿಟಕಿ ಬಗ್ಗೆ ಮಾತ್ರ ಹೇಳುತ್ತೇನೆ.

ಮಲಗುವ ಕೋಣೆಯ ಕಿಟಕಿ ಬರೀ ಗಾಳಿ ಬೆಳಕಿಗಲ್ಲ. ಬಾಗಿಲ ಕಡೆ ಬೆಂಕಿ ಹತ್ತಿದರೆ ಒಳಗಿನವರು ಹೊರಗೆ ಹಾರಬೇಕು, ಅಗ್ನಿಶಾಮಕದವರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಒಳಗೆ ನುಗ್ಗಬೇಕು. ಹಾಗಾಗಿ ಲೆಕ್ಕಕ್ಕೆ ಬರುವುದು ಗಾಜಿನ ಅಳತೆ ಅಲ್ಲ, ಪೂರ್ತಿ ತೆರೆದಾಗ ಖಾಲಿ ಸಿಗುವ ಜಾಗ. ಅಂಕಿ ಎಲ್ಲ ಕಡೆ ಒಂದೇ ಇಲ್ಲ. ಅಮೆರಿಕದ ಮಾದರಿ ನಿಯಮದಲ್ಲಿ ಸಾಮಾನ್ಯವಾಗಿ 5.7 ಚದರ ಅಡಿ, ಅಂದರೆ ಸುಮಾರು 0.53 ಚದರ ಮೀಟರ್, ಇಂಗ್ಲೆಂಡಿನಲ್ಲಿ 0.33 ಚದರ ಮೀಟರ್. ಮೊದಲನೆಯದು ಎರಡನೆಯದರ ಒಂದೂವರೆ ಪಟ್ಟಿಗಿಂತ ಜಾಸ್ತಿ! ಅದಕ್ಕೇ ಇಂಟರ್ನೆಟ್ಟಿನಲ್ಲಿ ಸಿಕ್ಕ ಅಂಕಿ ನಂಬಿ ಕಿಟಕಿ ಮಾಡಿಸಬೇಡಿ. ನಿಮ್ಮ ನಗರದ ಅಂಕಿಯನ್ನು ಬರೆಸಿಕೊಂಡೇ ಅಳತೆ ಕೊಡಿ.

ನಿಮ್ಮದು ಪಕ್ಕಕ್ಕೆ ಸರಿಯುವ ಕಿಟಕಿಯಾ? ಹಾಗಿದ್ದರೆ ತೆರೆದಾಗ ಅರ್ಧವೇ ಸಿಗುತ್ತದೆ. ಗೋಡೆ ಒಡೆಯದೆ ಅದೇ ಜಾಗಕ್ಕೆ ಬಾಗಿಲಿನ ಹಾಗೆ ತೆರೆಯುವ ಕಿಟಕಿ ಕೂರಿಸಿದರೆ ಹತ್ತಿರ ಹತ್ತಿರ ಪೂರ್ತಿ ಜಾಗ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಮುಗಿದಿದೆ. ಕಿಟಕಿಯ ಕೆಳಗಿನ ಕಟ್ಟೆ ನೆಲದಿಂದ ಎಷ್ಟು ಎತ್ತರ ಅನ್ನುವುದನ್ನೂ ನೋಡುತ್ತಾರೆ. ಕಳ್ಳರ ಭಯಕ್ಕೆ ಹಾಕಿದ ಗ್ರಿಲ್ ಇದ್ದರೆ ಅದು ಒಳಗಿನಿಂದ ಬೀಗದ ಕೈ ಇಲ್ಲದೆ ತೆರೆಯುವಂತಿರಬೇಕು. ಹೊಗೆಯಲ್ಲಿ ಬೀಗದ ಕೈ ಹುಡುಕುವವರು ಯಾರು?

ಇನ್ನು ಪರವಾನಗಿ. ಅದು ಆಸ್ತಿಯ ಮೇಲೆ ಇರುವುದು, ಮನುಷ್ಯನ ಮೇಲಲ್ಲ. ಹಳೇ ಮಾಲೀಕರು ಮಾರಿ ಹೋದರೂ ತೆರೆದ ಪರವಾನಗಿ ಮನೆಗೇ ಅಂಟಿಕೊಂಡಿರುತ್ತದೆ. ರೆಕಾರ್ಡ್ ವಿಭಾಗದಲ್ಲಿ ಆ ಪರವಾನಗಿಯ ಮೂಲ ನಕ್ಷೆಯ ಪ್ರತಿ ತೆಗೆಸಿ. ಅದರಲ್ಲಿ ಆ ಕೋಣೆಯನ್ನು ಮಲಗುವ ಕೋಣೆ ಅಂತಲೇ ತೋರಿಸಿ ಒಪ್ಪಿಗೆ ಪಡೆದಿರುವ ಸಾಧ್ಯತೆ ಇದೆ. ಹಾಗಿದ್ದರೆ ಫೈಲಿನ "ಸ್ಟೋರ್" ಆ ಕೆಲಸಕ್ಕೂ ಹಿಂದಿನದು. ನಿಮ್ಮ ಅರ್ಧ ಗಂಟು ಬಿಚ್ಚಿದ ಹಾಗೆ.

---

ಕೆಳಮನೆಯವಳು:

ಮನೆ ಮಾಲೀಕರ ಕಷ್ಟ ಎಲ್ಲ ಓದಿದೆ. ಬಾಡಿಗೆಯವರ ಕಡೆಯಿಂದ ಒಂದು ಮಾತು.

ನಾವು ಹಿಂದೆ ಇದ್ದ ಮನೆಯಲ್ಲಿ ಗ್ಯಾಸ್ ಗೀಸರ್ ಇತ್ತು. ಸ್ನಾನ ಮಾಡಿ ಬಂದರೆ ತಲೆನೋವು, ಮಗಳಿಗೆ ವಾಂತಿ ಬಂದ ಹಾಗೆ. ಮಾಲೀಕರಿಗೆ ಹೇಳಿದರೆ "ಬಿಸಿ ನೀರು ಜಾಸ್ತಿ ಹಾಕಿಕೊಳ್ತೀರಿ" ಅನ್ನುತ್ತಿದ್ದರು. ಮಾಮೂಲಿ ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಗೀಸರ್ ಹೊಗೆ ಕೊಳವೆ ಕಳಚಿರುವುದನ್ನು ನೋಡಿ ಅಲ್ಲೇ ಗ್ಯಾಸ್ ಬಂದ್ ಮಾಡಿಸಿದರು. ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅವತ್ತು ಆ ಇನ್ಸ್‌ಪೆಕ್ಟರನ್ನೂ ನಮ್ಮ ಮಾಲೀಕರು ಬಾಯಿಗೆ ಬಂದ ಹಾಗೆ ಬೈದರು.

ನಿಮ್ಮ ರೇಲಿಂಗ್ ಕತೆ ಅನ್ಯಾಯವೇ, ಒಪ್ಪುತ್ತೇನೆ. ಆದರೆ ಆ ಹಿಂದಿನ ಕೋಣೆಯಲ್ಲಿ ಈಗ ಯಾರು ಮಲಗುತ್ತಾರೆ? ಅದನ್ನು ನೀವು ಎಲ್ಲೂ ಹೇಳಲಿಲ್ಲ.

---

ಆಖೈರು_ಶಿಲ್ಕು:

ಬಾಡಿಗೆಯವರ ಮಗ ಮಲಗುತ್ತಾನೆ, ಶಾಲೆಗೆ ಹೋಗುವ ಹುಡುಗ. ಮೂರನೆಯವರು ಕಿಟಕಿ ಚಿಕ್ಕದು ಅಂದ ಸಂಜೆಯೇ ಅವನ ಮಂಚವನ್ನು ಮುಂದಿನ ಕೋಣೆಗೆ ಹಾಕಿಸಿದ್ದೇವೆ. ಅಷ್ಟು ಮಾಡುವುದಕ್ಕೆ ನನಗೆ ನಿಯಮದ ಸಂಖ್ಯೆ ಬೇಕಾಗಿರಲಿಲ್ಲ. ದುಡ್ಡು ಹಾಕಿ ಗೋಡೆ ಒಡೆಯುವುದಕ್ಕೆ ಬೇಕು. ನಿಮ್ಮ ಗೀಸರ್ ಕತೆ ಓದಿ ಕೆಳಗೆ ಹೋಗಿ ಕೊಳವೆ ನೋಡಿ ಬಂದೆ, ಗಟ್ಟಿಯಾಗಿದೆ. ಆ ವಿಷಗಾಳಿ ಬಂದರೆ ಕೂಗುವ ಅಲಾರಂ ಒಂದು ಹಾಕಿಸುತ್ತೇನೆ. ತಮಾಷೆ ನೋಡಿ, ಬಂದವರಲ್ಲಿ ಒಬ್ಬರೂ ಆ ಗೀಸರ್ ಕಡೆ ತಿರುಗಿ ನೋಡಿರಲಿಲ್ಲ.

ಓರೆಗೆರೆ ಅವರೇ, ಹೌದು, ಸರಿಯುವ ಕಿಟಕಿಯೇ. ಗ್ರಿಲ್ಲೂ ಇದೆ, ಗೋಡೆಗೆ ಸೇರಿಸಿಯೇ ಕೂರಿಸಿದ್ದಾರೆ. ಅದನ್ನೂ ಯಾರೂ ಬರೆದಿಲ್ಲ. ನಾನೇ ಪಟ್ಟಿಗೆ ಸೇರಿಸಿಕೊಂಡೆ.

ಹಳೇ_ಟೇಪು ಸರ್, ಹಲಗೆ ಇಟ್ಟು ಅಳೆದೆ. ನೀವು ಹೇಳಿದ ಹಾಗೇ 110. ಮೆಟ್ಟಿಲು 19, 25. ಮನೆಯನ್ನೇ ನೋಡದೆ ಹೇಗೆ ಹೇಳಿದಿರೋ! ನನಗೆ ಸಿಟ್ಟು ಬರಬೇಕಿತ್ತು, ಬದಲಿಗೆ ಖುಷಿಯಾಯಿತು. ಲೆಕ್ಕ ಕೂಡಿಬಂದರೆ ನನಗೆ ಹಾಗೇ ಆಗುವುದು.

ಈ ರೀತಿ ಬರೆದಿದ್ದೇನೆ, ನೋಡಿ ಹೇಳಿ: "ಮೊದಲ ನೋಟಿಸಿನಂತೆ ರೇಲಿಂಗನ್ನು 22 ಸೆಂ.ಮೀ. ಎತ್ತರಿಸಲಾಗಿದೆ. ಎರಡನೇ ತಪಾಸಣೆಯಲ್ಲಿ ನೇರ ಎತ್ತರ 110 ಸೆಂ.ಮೀ. ಎಂದು ಅಳೆಯಲಾಗಿದೆ. ಅಂದರೆ ಮೂಲ ಎತ್ತರ 88 ಸೆಂ.ಮೀ. ಇತ್ತು. ಮೊದಲ ನೋಟಿಸು ಯಾವ ಅಳತೆಯ ಮೇಲೆ, ಯಾವ ನಿಯಮದಡಿ ಕೊಟ್ಟದ್ದು ಎಂದು ತಿಳಿಸಿ. ಬಾಕಿ ಇರುವ ಎಲ್ಲ ಆಕ್ಷೇಪಗಳನ್ನು, ಪ್ರತಿಯೊಂದಕ್ಕೂ ಈಗಿರುವ ಅಳತೆ, ಇರಬೇಕಾದ ಅಳತೆ ಮತ್ತು ನಿಯಮದ ಸಂಖ್ಯೆಯೊಂದಿಗೆ ಒಂದೇ ಪಟ್ಟಿಯಲ್ಲಿ ಕೊಡಿ. ಎರಡೂ ವಿಭಾಗದವರ ಜಂಟಿ ತಪಾಸಣೆ ನಡೆಸಿ. ಅಲ್ಲಿಯವರೆಗೆ ಮರುತಪಾಸಣೆ ಶುಲ್ಕ ವಿಧಿಸಬೇಡಿ." ಜೊತೆಗೆ ಫೋಟೋ, ಬಿಲ್ಲು, ಎರಡೂ ನೋಟಿಸು.

---

ಹಳೇ_ಟೇಪು:

ಚೆನ್ನಾಗಿದೆ. ಒಂದೂ ವಿಶೇಷಣ ಇಲ್ಲ, ಬೈಗುಳ ಇಲ್ಲ. ಇಂಥ ಪತ್ರಕ್ಕೆ ನಾವು ನಿಜವಾಗಿಯೂ ಹೆದರುತ್ತಿದ್ದೆವು.

ಒಂದು ವಿಷಯ ಮರೆಯಬೇಡಿ. ನೋಟಿಸಿನ ಹಿಂಬದಿಯಲ್ಲೋ ಕೆಳಗೋ ಮೇಲ್ಮನವಿಯ ಗಡುವು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದು ನಿಮ್ಮ ಕೈಗೆ ಸಿಕ್ಕ ದಿನದಿಂದಲೋ, ನೋಟಿಸಿನ ಮೇಲಿನ ದಿನಾಂಕದಿಂದಲೋ ನೋಡಿಕೊಳ್ಳಿ. ಸಂಶಯ ಇದ್ದರೆ ಮುಂಚಿನ ದಿನಾಂಕವೇ ಅಂದುಕೊಳ್ಳಿ. ಪತ್ರ ಕೊಟ್ಟಿದ್ದೇನೆ, ಮಾತುಕತೆ ನಡೆಯುತ್ತಿದೆ ಅಂತ ಕೂತರೆ ಗಡುವು ದಾಟಿಹೋಗುತ್ತದೆ. ಆಮೇಲೆ ತಪ್ಪು ಅಳತೆಯೂ ಸರಿ ಅಳತೆಯೇ. ಪತ್ರದ ಜೊತೆಗೇ ಮೇಲ್ಮನವಿಯನ್ನೂ ಹಾಕಿಬಿಡಿ, ಆಮೇಲೆ ಬೇಕಾದರೆ ವಾಪಸ್ ತಗೊಳ್ಳಬಹುದು. ರೇಲಿಂಗನ್ನು ಈಗಲೇ ಇಳಿಸಬೇಡಿ. ನಿಮ್ಮ ಸಾಕ್ಷಿ ಅದೇ.

---

ಸುಮ್ನೆ_ಬಂದೆ:

ಇಷ್ಟು ಕಾಗದ ಓದುವವರು ಯಾರು ಅಲ್ಲಿ?

---

ಆಖೈರು_ಶಿಲ್ಕು:

ಓದಿದ್ದಾರೆ. ಮೇಲ್ವಿಚಾರಕರು ಫೋನ್ ಮಾಡಿ ಜಂಟಿ ತಪಾಸಣೆಗೆ ಒಪ್ಪಿದರು. ರೇಲಿಂಗ್ ವಿಷಯ "ಬಿಟ್ಟುಬಿಡೋಣ ಮೇಡಂ" ಅಂದರು. ಬಿಟ್ಟದ್ದನ್ನೇ ಬರೆದು ಕಳಿಸಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು" ಅಂದರು. ಇನ್ನೂ ಬಂದಿಲ್ಲ.

ರೆಕಾರ್ಡ್ ವಿಭಾಗದಲ್ಲಿ ಮೂಲ ನಕ್ಷೆ ಸಿಕ್ಕಿತು. ಓರೆಗೆರೆ ಅವರ ಊಹೆ ಸರಿ, ಆ ಕೋಣೆಯನ್ನು ಮಲಗುವ ಕೋಣೆ ಅಂತಲೇ ತೋರಿಸಿ ಸೀಲು ಹಾಕಿದ್ದಾರೆ. ಆದರೆ ನಕ್ಷೆಯಲ್ಲಿರುವ ಕಿಟಕಿ ಗೋಡೆಯಲ್ಲಿರುವ ಕಿಟಕಿಗಿಂತ ದೊಡ್ಡದು. ಹಳೇ ಮಾಲೀಕರು ಕೊನೆಯ ತಪಾಸಣೆಗೆ ಯಾಕೆ ಕರೆಯಲಿಲ್ಲ ಅಂತ ಈಗ ಗೊತ್ತಾಯಿತು ಅಲ್ವಾ! ಕಿಟಕಿ ನಾನು ಮಾಡಿಸುತ್ತೇನೆ, ಅದರಲ್ಲಿ ತಕರಾರಿಲ್ಲ.

ಮೇಲ್ಮನವಿ ಹಾಕಿದ್ದೇನೆ, ಸ್ವೀಕೃತಿ ಸೀಲು ಇದೆ. ರೇಲಿಂಗ್ ಎತ್ತರಿಸಿದ ಬಿಲ್ಲು, ಮುಂದೆ ಇಳಿಸುವುದಕ್ಕೆ ವೆಲ್ಡಿಂಗ್‌ನವರು ಕೊಟ್ಟ ಅಂದಾಜು, ಎರಡನ್ನೂ ಅದಕ್ಕೆ ಲಗತ್ತಿಸಿ ಪರಿಹಾರ ಕೇಳಿದ್ದೇನೆ. ಕೊಡುವುದಿಲ್ಲ ಅಂತ ಗೊತ್ತು. ಕೊಡುವುದಿಲ್ಲ ಅನ್ನುವುದನ್ನು ಅವರು ನಿಯಮದ ಸಂಖ್ಯೆ ಹಾಕಿ ಬರೆದು ಕೊಡಲಿ.